ಆರುನೂರ ಹನ್ನೊಂದು

ಬಾ, ಬಗ್ಗಿ ಬಾ, ಬಾಗಿಲು ಕುಳ್ಳು.
ಅಳತೆ ತಪ್ಪಿದ್ದು ನನ್ನದೇ.
ಫೋನಿನೊಳಗಿನ ಆ ಹುಡುಗ
ತನ್ನ ಮೊಣಕೈಯಿಂದ ಅಳೆದು ತೋರಿಸಿದ,
ನಾನು ನನ್ನ ಮೊಣಕೈಯಿಂದ ಅಳೆದೆ.

ಅವನ ಭಾಷೆ ನನಗೆ ಬಾರದು.
ಯಾವ ದೇಶವೋ, ಬರೀ ಬಿಸಿಲು, ಹಿಂದೊಂದು ಕತ್ತೆ.
ಮಣ್ಣು, ಹುಲ್ಲು, ನೀರು, ಆಮೇಲೆ ಕಾಲು.
ತುಳಿಯುವುದಕ್ಕೆ ಭಾಷೆ ಬೇಕೆ?
ಮೊಮ್ಮಗಳು ಸಾಲೊಮೆ ನಿಲ್ಲಿಸಿ ನಿಲ್ಲಿಸಿ ತೋರಿಸಿದಳು.
ಅವನ ಹತ್ತು ನಿಮಿಷದ ಗೋಡೆಗೆ
ನನಗೆ ಎರಡು ಬೇಸಿಗೆ ಹಿಡಿಯಿತು.

ಮದುವೆಯಾಗಿ ನೋಡಿದ್ದೆ,
ಮನೆ ಕಟ್ಟಿ ನೋಡುವುದೊಂದು ಬಾಕಿಯಿತ್ತು.
ಮನೆಯಲ್ಲ, ಬರೀ ಬಚ್ಚಲು, ಸರಿ,
ಇಷ್ಟಕ್ಕೇ ಸಾಕಾಯಿತು, ಮಾರಾಯ್ತಿ.

ಸೀಸೆ ಎಲ್ಲಿಂದ ಅಂದೆಯಾ?
ತ್ಕಿಬುಲಿಯಲ್ಲಿ ಇವರ ಕಲ್ಲಿದ್ದಲ ಗಣಿ ಮುಚ್ಚಿದ ವರ್ಷ
ಗೆರೊಂತಿ ಇಳಿಯಲು ಬೇರೆ ಗುಂಡಿ ಹುಡುಕಿಕೊಂಡ.
ಹಸಿರು ಸೀಸೆ ವೈನಿನದು, ಕಂದು ಬಿಯರಿನದು,
ಬಿಳಿಯದು ದ್ರಾಕ್ಷಿ ಹಿಪ್ಪೆಯ ಸಾರಾಯಿ.
ಬಿಳಿಯದೇ ಹೆಚ್ಚು, ನೋಡು, ಸೊಂಟದಿಂದ ಮೇಲಕ್ಕೆಲ್ಲ.
ನಾನು ಬಯ್ಯಲಿಲ್ಲ. ತೊಳೆದೆ.
ಕೋಳಿಗೂಡಿನ ಹಿಂದೆ ಜೋಡಿಸಿಟ್ಟೆ,
ಸಾಕ್ಷಿ ಬೇಕಾದೀತು ಅಂತ.
ಯಾವ ಕೋರ್ಟಿಗೆ ಅಂತ ಕೇಳಬೇಡ.

ಕಸದಿಂದ ರಸ ಅನ್ನುತ್ತಾರಲ್ಲ,
ಇಲ್ಲಿ ರಸ ಮೊದಲು ಹೋಯಿತು,
ಸಂಬಳ ಹೋಯಿತು, ಹಸು ಹೋಯಿತು,
ಉಳಿದದ್ದು ಕಸ, ಅದೂ ಅಚ್ಚುಕಟ್ಟಾಗಿ.

ಡಾಕ್ಟರು ಒಂದು ಚಿತ್ರ ತೋರಿಸಿದರು,
ಇವನ ಹೊಟ್ಟೆಯೊಳಗಿನದು. ಬಿಟ್ಟ.
ಬಿಟ್ಟವನ ಕೈಗೆ ಕೆಲಸ ಕೊಡಬೇಕು,
ಇಲ್ಲದಿದ್ದರೆ ಅದು ನಡುಗಿ ನಡುಗಿ
ತಾನೇ ಒಂದು ಕೆಲಸ ಹುಡುಕಿಕೊಳ್ಳುತ್ತದೆ.
ಷರಾಯಿ ಮಡಿಸು, ಅಂದೆ. ಮಣ್ಣು ತುಳಿ.

ಮೊದಲ ಗೋಡೆ ಬಿತ್ತು. ಕಲಸಿದ್ದು ತೀರಾ ನೀರು.
ಬಿದ್ದ ಸದ್ದಿಗೆ ಪಕ್ಕದ ನಾಜಿಬ್ರೋಲಾ
ಬೇಲಿಗೆ ಬಂದು ಹೊಟ್ಟೆ ಹಿಡಿದು ನಕ್ಕಳು,
ಮಾರನೆಯ ದಿನ ಎರಡು ಬಕೆಟ್ಟು ಕುದುರೆ ಲದ್ದಿ ತಂದು
ಇದನ್ನು ಸೇರಿಸು, ಬಿರಿಯುವುದಿಲ್ಲ, ಅಂದಳು.
ಫೋನಿನ ಹುಡುಗ ಇದನ್ನು ಹೇಳಿರಲಿಲ್ಲ.
ಹೇಳಿದ್ದನೋ ಏನೋ. ಭಾಷೆ.

ಸೀಸೆ ಇಡುತ್ತಿದ್ದವನು ಒಮ್ಮೊಮ್ಮೆ ನಿಲ್ಲುತ್ತಿದ್ದ.
ಇದು ನಿನ್ನ ತಂಗಿಯ ಮದುವೆಯದು, ಅನ್ನುತ್ತಿದ್ದ.
ಇದು ವಝಾನನ್ನು ಹೂತ ದಿನದ್ದು.
ಇದು... ಎಂದು ಸುಮ್ಮನಾಗಿ
ಹೆಬ್ಬೆರಳಿನಲ್ಲಿ ಅದರ ಕತ್ತಿನ ಸುತ್ತ ಮಣ್ಣು ಒತ್ತುತ್ತಿದ್ದ,
ಎಳೆಕೂಸಿಗೆ ಕುಲಾವಿ ಕಟ್ಟುವ ಹಾಗೆ.

ಆರುನೂರ ಹನ್ನೊಂದು, ಎಂದೆ ಕೊನೆಗೆ.
ಎಲ್ಲ ನಾನೇ ಕುಡಿದದ್ದಲ್ಲ, ಎಂದ.
ಮೂರು ನನ್ನವು, ಒಪ್ಪಿಕೊಂಡೆ.

ಆಮೇಲೆ ಚಳಿಗಾಲದ ಗಾಳಿ ಬಂತು ನೋಡು.
ಬಾಯಿ ಹೊರಗೆ ಮಾಡಿ ಇಟ್ಟಿದ್ದೆವು, ದಡ್ಡರು.
ರಾತ್ರಿಯೆಲ್ಲ ಗೋಡೆ ಊಳಿಟ್ಟಿತು,
ಒಂದೊಂದು ಸೀಸೆಗೆ ಒಂದೊಂದು ಗಂಟಲು.
ಅವನು ಎದ್ದು ಕುಳಿತ. ನಾನೂ ಎದ್ದೆ.
ಕರೆಯುತ್ತಿವೆ, ಎಂದ. ಅಷ್ಟೇ ಎಂದ.
ಲಾಟೀನು ಹಿಡಿದು ಹೊರಟೆ. ಬಿಸಿನೀರಿನಲ್ಲಿ ಮಣ್ಣು ನಾದಿ
ಒಂದೊಂದರ ಬಾಯಿಗೂ ತುರುಕಿದೆವು,
ಕೋಳಿ ಕೂಗುವವರೆಗೆ, ಬೆರಳು ಸತ್ತುಹೋಗುವವರೆಗೆ.

ಒಂದು ಬಿಟ್ಟಿದ್ದಾನೆ, ಅಲ್ಲಿ, ಮೇಲಿನ ಸಾಲಿನಲ್ಲಿ.
ಮರೆತೆಯಾ ಎಂದು ನಾನು ಕೇಳಿಲ್ಲ,
ಅವನೂ ಹೇಳಿಲ್ಲ.
ಬೆಟ್ಟದ ಕಡೆಯಿಂದ ಗಾಳಿ ಬಂದ ದಿನ
ಸಣ್ಣಗೆ ಊದುತ್ತದೆ, ಕಿವಿಗೊಟ್ಟರೆ ಮಾತ್ರ.

ಬಟ್ಟೆ ಆ ಮೊಳೆಗೆ ಹಾಕು.
ನೀರು ಕಾದಿದೆ, ಸೌದೆ ಬೇಡ,
ಸೂರಿನ ಮೇಲಿನ ಕರೀ ಪೀಪಾಯಿ ಬಿಸಿಲು ಕುಡಿದು ಕೂತಿದೆ.
ಹೊತ್ತು ಇಳಿಯುವಾಗ ಮಿಂದರೇ ಚೆನ್ನ:
ಹೆಗಲು ಬೆಳ್ಳಗೆ, ಹೊಟ್ಟೆ ಹಸಿರು, ಮಂಡಿ ಕಂದು,
ಅರುವತ್ತೇಳು ವರ್ಷದ ಮೈ ನನ್ನದೇ ಎಂದು
ನಂಬಲಾಗದು ಒಂದು ಗಳಿಗೆ.
ಸೋಪು ಆ ಗೂಡಿನಲ್ಲಿದೆ. ನೆಲ ಜಾರುತ್ತದೆ, ಹುಷಾರು.